ಪ್ರೀಮಿಯರ್ ಲೀಗ್ ಟಿಕೆಟ್ ಆಸೆ ಬಿಡಿ, ಒಂದು ಶನಿವಾರ ಡಲಿಚ್ ಹ್ಯಾಮ್ಲೆಟ್‌ಗೆ ಹೋಗಿ ಬನ್ನಿ

ಪೆಕಮ್ ಪುಟ್ಟ

ಲಂಡನ್‌ಗೆ ಯಾರು ಬಂದರೂ ಕೇಳುವುದು ಒಂದೇ. ಆರ್ಸೆನಲ್ ಟಿಕೆಟ್ ಸಿಗುತ್ತಾ? ಚೆಲ್ಸಿ ಟಿಕೆಟ್ ಸಿಗುತ್ತಾ? ಸುಲಭಕ್ಕೆ ಸಿಗುವುದಿಲ್ಲ ಕಣ್ರೋ. ಸಿಕ್ಕಿದರೂ ಜೇಬು ಖಾಲಿ. ಮೇಲಿನ ಸಾಲಿನಲ್ಲಿ ಕೂತರೆ ಯಾರು ಒದ್ದರು ಅಂತ ತಿಳಿಯಲು ದೊಡ್ಡ ಪರದೆಯನ್ನೇ ನೋಡಬೇಕು.

ಈ ಸಲ ಅಪ್ಪ ಬೆಂಗಳೂರಿನಿಂದ ಬಂದಿದ್ದರು. ವಯಸ್ಸಿನಲ್ಲಿ ಫ್ಯಾಕ್ಟರಿ ಟೀಮಿಗೆ ಹಾಫ್‌ಬ್ಯಾಕ್ ಆಗಿ ಆಡಿದವರು. ಅರಮನೆ, ಸೇತುವೆ, ಮ್ಯೂಸಿಯಂ ಎಲ್ಲ ನೋಡಿ ಸಾಕಾಗಿ, "ಎಲ್ಲಾದ್ರೂ ಫುಟ್‌ಬಾಲ್ ಇದ್ರೆ ಹೇಳು, ಹೋಗೋಣ" ಅಂದರು. ಚಾಂಪಿಯನ್ ಹಿಲ್‌ಗೆ ಕರೆದುಕೊಂಡು ಹೋದೆ. ದಕ್ಷಿಣ ಲಂಡನ್‌ನ ಡಲಿಚ್ ಹ್ಯಾಮ್ಲೆಟ್ ಅನ್ನುವ ಸಣ್ಣ ಕ್ಲಬ್ಬಿನ ಮೈದಾನ ಅದು. ಈಸ್ಟ್ ಡಲಿಚ್ ಸ್ಟೇಷನ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಸೇನ್ಸ್‌ಬರಿ ಸೂಪರ್ ಮಾರ್ಕೆಟ್, ಅದರ ಪಕ್ಕದಲ್ಲೇ.

ಗೊತ್ತಿಲ್ಲದವರಿಗೆ ಒಂದು ಮಾತು. ಇಂಗ್ಲೆಂಡ್‌ನಲ್ಲಿ ಮೇಲಿನ ನಾಲ್ಕು ಡಿವಿಷನ್‌ಗಳ ಕೆಳಗೆ ಇರುವುದೆಲ್ಲ ನಾನ್-ಲೀಗ್. ಐದನೇ ಹಂತದ ನ್ಯಾಷನಲ್ ಲೀಗ್‌ನಿಂದ ಶುರುವಾಗಿ ಊರೂರಿನ ಲೀಗ್‌ಗಳವರೆಗೆ ಮೆಟ್ಟಿಲು ಇದೆ. ಗೆದ್ದರೆ ಮೇಲೆ, ಸೋತರೆ ಕೆಳಗೆ. ಡಲಿಚ್ 2023ರಲ್ಲಿ ನ್ಯಾಷನಲ್ ಲೀಗ್ ಸೌತ್‌ನಿಂದ ಇಳಿದು ಏಳನೇ ಹಂತದ ಇಸ್ತ್ಮಿಯನ್ ಪ್ರೀಮಿಯರ್‌ಗೆ ಬಂತು. ಈ ಮಟ್ಟದ ಆಟಗಾರರಲ್ಲಿ ಹೆಚ್ಚಿನವರಿಗೆ ಬೇರೆ ಕೆಲಸ ಇರುತ್ತದೆ. ಸಂಜೆ ಪ್ರಾಕ್ಟೀಸ್, ಶನಿವಾರ ಮ್ಯಾಚ್.

ಏಳನೇ ಹಂತ ಅಂದರೆ ನಾಲ್ಕು ಜನ, ಒಂದು ನಾಯಿ ಅಂದುಕೊಳ್ಳಬೇಡಿ. ನಾಯಿಗಳೂ ಇದ್ದವು ಬಿಡಿ. ಆದರೆ ಜನ ಎರಡು ಸಾವಿರಕ್ಕಿಂತ ಜಾಸ್ತಿ. ಗುಲಾಬಿ ಮತ್ತು ನೀಲಿ ಬಣ್ಣದ ಸ್ಕಾರ್ಫ್. ಅಪ್ಪ ಮೊದಲು ನಕ್ಕರು, "ಇದೇನೋ, ಗಂಡಸರೆಲ್ಲ ಗುಲಾಬಿ." ಹಾಫ್ ಟೈಮ್‌ನಲ್ಲಿ ಅವರೇ ಒಂದು ಕೊಂಡರು.

ಓಲ್ಡ್ ಟ್ರಾಫರ್ಡ್ ರಾಯಚೂರು

ಸುಮ್ನೆ ಕೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಏಳನೇ ಡಿವಿಷನ್ ಆಟ ಯಾಕೆ ನೋಡಬೇಕು? ಅದೇ ಹೊತ್ತಿಗೆ ಮನೇಲಿ ಸೋಫಾ ಮೇಲೆ ಕೂತರೆ ಪ್ರಪಂಚದ ಅತ್ಯುತ್ತಮ ಆಟ ಟಿವಿಯಲ್ಲಿ ಬರುತ್ತದೆ. ಮಳೆ ಬೇರೆ.

ಪೆಕಮ್ ಪುಟ್ಟ

ಬರುವುದಿಲ್ಲ ಸ್ವಾಮಿ! ರಾಯಚೂರಿನಲ್ಲಿ ಬರುತ್ತದೆ, ಲಂಡನ್‌ನಲ್ಲಿ ಬರುವುದಿಲ್ಲ. ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಬ್ರಿಟನ್‌ನಲ್ಲಿ ಫುಟ್‌ಬಾಲ್ ನೇರ ಪ್ರಸಾರ ಇಲ್ಲ. ಜನ ಮನೆಯಲ್ಲಿ ಕೂರದೆ ಹತ್ತಿರದ ಮೈದಾನಕ್ಕೆ ಹೋಗಲಿ ಅಂತಲೇ ಮಾಡಿಕೊಂಡ ನಿಯಮ. ಪ್ರೀಮಿಯರ್ ಲೀಗ್ ಹುಟ್ಟಿದ ದೇಶದಲ್ಲೇ ಮೂರು ಗಂಟೆಯ ಮ್ಯಾಚ್ ನೋಡಲಾಗದು, ನಮ್ಮೂರಲ್ಲಿ ಆರಾಮಾಗಿ ನೋಡಬಹುದು.

ಇನ್ನು ಯಾಕೆ ನೋಡಬೇಕು ಅನ್ನುವುದಕ್ಕೆ ಉತ್ತರ ಕೇಳಿ. ನಾವು ಗೋಲ್ ಹಿಂದಿನ ಕಂಬಿಗೆ ಒರಗಿ ನಿಂತಿದ್ದೆವು. ಗೋಲ್‌ಕೀಪರ್ ನಮ್ಮಿಂದ ಕೈಯಳತೆ ದೂರ. ಟಿವಿಯಲ್ಲಿ ಗೋಲಿ ಬಾಯಿ ಬಿಡುವುದು ಕಾಣುತ್ತದೆ ಅಷ್ಟೇ. ಇಲ್ಲಿ ಒಂದೊಂದು ಮಾತೂ ಕೇಳಿಸುತ್ತದೆ. ಆ ಹುಡುಗ ನಲವತ್ತೈದು ನಿಮಿಷ ಬಾಯಿ ಮುಚ್ಚಲಿಲ್ಲ. "ಎಡಕ್ಕೆ, ಎಡಕ್ಕೆ", "ಹಿಂದೆ ಒಬ್ಬ ಇದ್ದಾನೆ", "ಸಮಯ ಇದೆ, ತಿರುಗು". ಚೆಂಡು ಆ ಕಡೆ ಕಾರ್ನರ್‌ನಲ್ಲಿದ್ದಾಗಲೂ ಈ ಕಡೆ ತನ್ನ ಡಿಫೆಂಡರ್‌ಗಳನ್ನು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಸರಿಸುತ್ತಲೇ ಇದ್ದ. ಅಪ್ಪ ಹತ್ತು ನಿಮಿಷ ಆಟ ಬಿಟ್ಟು ಅವನನ್ನೇ ನೋಡಿದರು. "ಇವನೇ ನಿಜವಾದ ಕೋಚು" ಅಂದರು. ಮಧ್ಯದಲ್ಲಿ ಚೆಂಡು ಹೊರಗೆ ಹೋದಾಗ ಹಿಂದೆ ನಿಂತ ಅಜ್ಜ ಒಬ್ಬರು "ಚಳಿ ಆಗ್ತಿಲ್ವೇನಪ್ಪ?" ಅಂತ ಕೇಳಿದರು. ಅವನು ತಿರುಗದೆಯೇ "ನಿಮ್ಮ ಟೀ ಕೊಟ್ಟರೆ ಆಗಲ್ಲ" ಅಂದ.

ಇದು ನಿಮ್ಮ ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ ಮೈದಾನದಲ್ಲಿ ಸಿಗುತ್ತಾ ಹೇಳಿ?

ಮಗುವಿನ ಅಮ್ಮ, ಕ್ರಾಯ್ಡನ್

ನನಗೆ ಫುಟ್‌ಬಾಲ್ ಅಷ್ಟಕ್ಕಷ್ಟೆ. ಮಗನಿಗೆ ಹುಚ್ಚು. ಆರು ವರ್ಷ. ಕರೆದುಕೊಂಡು ಹೋಗಬಹುದಾ? ಬೈಗುಳ ಜಾಸ್ತಿನಾ? ನಾವು ಸಸ್ಯಾಹಾರಿಗಳು, ತಿನ್ನಲು ಏನಾದರೂ ಸಿಗುತ್ತದಾ?

ಪೆಕಮ್ ಪುಟ್ಟ

ಧಾರಾಳವಾಗಿ ಹೋಗಿ. ಈ ಮಟ್ಟದಲ್ಲಿ ದೊಡ್ಡವರಿಗೆ ಸುಮಾರು 10ರಿಂದ 15 ಪೌಂಡ್, ಮಕ್ಕಳಿಗೆ ತೀರಾ ಕಡಿಮೆ ಅಥವಾ ಪುಕ್ಕಟೆ. ಬೈಗುಳ ಇಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ರೆಫ್ರಿ, ಲೈನ್ಸ್‌ಮನ್ ಪಕ್ಕದಲ್ಲೇ ಇರುತ್ತಾರಲ್ಲ, ತಮಾಷೆಯೇ ಹೆಚ್ಚು. ಚಿಪ್ಸ್ ಖಂಡಿತ ಸಿಗುತ್ತದೆ. ಬೆಚ್ಚಗಿನ ಥರ್ಮಲ್ ಒಳಉಡುಪು ಹಾಕಿಸಿ. ನಿಂತು ನೋಡುವ ಜಾಗದಲ್ಲಿ ಪಾದಕ್ಕೆ ಹತ್ತುವ ಚಳಿ ಭಯಂಕರ.

ಆಮೇಲೆ ಇಲ್ಲಿ ಎರಡೂ ಕಡೆಯವರು ಬೇರೆ ಬೇರೆ ಬೇಲಿಯೊಳಗೆ ಇರುವುದಿಲ್ಲ. ಡಲಿಚ್ ಬೆಂಬಲಿಗರು ತಮ್ಮ ಟೀಮ್ ಯಾವ ಗೋಲ್‌ಗೆ ಹೊಡೆಯುತ್ತದೋ ಅದರ ಹಿಂದೆ ನಿಲ್ಲುತ್ತಾರೆ. ಹಾಫ್ ಟೈಮ್ ಆದ ಕೂಡಲೇ ಡ್ರಮ್ಮು, ಬಾವುಟ, ಬಿಯರ್ ಗ್ಲಾಸು, ಮಗು, ನಾಯಿ ಸಮೇತ ಎಲ್ಲರೂ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಎದುರು ತಂಡದವರು ಅದೇ ದಾರಿಯಲ್ಲಿ ಎದುರಿಗೇ ಬರುತ್ತಾರೆ. ನೋಡುವುದಕ್ಕೆ ಜಾತ್ರೆ ದಿನ ರಥಬೀದಿಯಲ್ಲಿ ಎರಡು ಊರಿನವರು ದಾಟಿ ಹೋದ ಹಾಗಿರುತ್ತದೆ. ಒಂದಷ್ಟು ಕಿಚಾಯಿಸುವುದು, ಒಂದಷ್ಟು ನಮಸ್ಕಾರ.

ಮ್ಯಾಂಚೆಸ್ಟರ್ ಮಂಜ

ಬಿಯರ್ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೇಲಿನ ಐದು ಹಂತದ ಮೈದಾನಗಳಲ್ಲಿ ಆಟ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ. 1985ರ ಕಾನೂನು. ಅದಕ್ಕಿಂತ ಕೆಳಗೆ ಗ್ಲಾಸ್ ಹಿಡಿದು ಗೋಲ್ ಹಿಂದೆಯೇ ನಿಲ್ಲಬಹುದು. ನಾನ್-ಲೀಗ್ ಜನಪ್ರಿಯತೆಯ ಅರ್ಧ ಗುಟ್ಟು ಇದೇ ಅಂತ ನನ್ನ ಅಂದಾಜು.

ಇಲ್ಲಿ ಉತ್ತರದಲ್ಲಿ ಇರುವವರು ಮಾಸ್ಟನ್‌ನ ಬ್ರಾಡ್‌ಹರ್ಸ್ಟ್ ಪಾರ್ಕ್‌ಗೆ ಹೋಗಿ. ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್. 2005ರಲ್ಲಿ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡಾಗ ಸಿಟ್ಟಾದ ಅಭಿಮಾನಿಗಳು ಹೊರಗೆ ಬಂದು ತಮ್ಮದೇ ಕ್ಲಬ್ ಕಟ್ಟಿದರು. ಸದಸ್ಯರಿಗೆ ತಲಾ ಒಂದು ವೋಟು. ಹತ್ತು ವರ್ಷ ಬೇರೆಯವರ ಮೈದಾನದಲ್ಲಿ ಆಡಿ 2015ರಲ್ಲಿ ಸ್ವಂತದ್ದು ಮಾಡಿಕೊಂಡರು.

ಆದರೆ ನನಗೆ ಇಷ್ಟ ಇನ್ನೂ ಕೆಳಗಿನವು. ನಮ್ಮ ಮನೆ ಹತ್ತಿರ ಒಂದು ಕ್ಲಬ್ ಇದೆ, ಜನ ಎಂಬತ್ತೋ ತೊಂಬತ್ತೋ. ಗೇಟಿನಲ್ಲಿ ದುಡ್ಡು ತೆಗೆದುಕೊಂಡವರೇ ಹಾಫ್ ಟೈಮ್‌ನಲ್ಲಿ ಟೀ ಕೊಡುತ್ತಾರೆ. ಮ್ಯಾಚ್ ಮುಗಿದ ಮೇಲೆ ಅವರೇ ಕಾರ್ನರ್ ಬಾವುಟ ಕಿತ್ತು ಒಳಗಿಡುತ್ತಾರೆ. ಅಲ್ಲಿ ಗೋಲ್ಡನ್ ಗೋಲ್ ಅಂತ ಒಂದು ಚೀಟಿ ಮಾರುತ್ತಾರೆ. ಚೀಟಿ ಬಿಚ್ಚಿದರೆ ಒಂದು ನಿಮಿಷದ ಸಂಖ್ಯೆ. ಮೊದಲ ಗೋಲ್ ಆ ನಿಮಿಷಕ್ಕೆ ಬಿದ್ದರೆ ಬಹುಮಾನ ನಿಮಗೆ. ನನಗೆ ಒಮ್ಮೆ 87 ಬಂತು. 85ನೇ ನಿಮಿಷದವರೆಗೂ ಸೊನ್ನೆ-ಸೊನ್ನೆ. ನಮ್ಮ ಸ್ಟ್ರೈಕರ್ ಒಬ್ಬನೇ ಗೋಲಿ ಮುಂದೆ ನುಗ್ಗಿದಾಗ, ಎರಡು ನಿಮಿಷ ತಡಿಯೋ ಮಾರಾಯ ಅಂತ ಕೂಗಿಬಿಟ್ಟೆ, ಕನ್ನಡದಲ್ಲೇ. ಅವನು ತಡೆಯಲಿಲ್ಲ.

ಇನ್ನೊಂದು ಮಜಾ. ನಾನ್-ಲೀಗ್ ಮೆಟ್ಟಿಲಿನಲ್ಲಿ ಐದನೇ ಸ್ಟೆಪ್ (ಮೇಲಿನಿಂದ ಎಣಿಸಿದರೆ ಒಂಬತ್ತನೇ ಹಂತ) ಮತ್ತು ಅದರ ಕೆಳಗೆ ರೆಫ್ರಿ ಜೊತೆ ವಾದ ಮಾಡಿದರೆ ಹತ್ತು ನಿಮಿಷ ಹೊರಗೆ ಕೂರಿಸುತ್ತಾರೆ. ಸಿನ್ ಬಿನ್. 2019ರಿಂದ ಇದೆ. ನಿಂತ ಜಾಗಕ್ಕೆ ಬಂದು ಕೂತ ಆಟಗಾರನಿಗೆ ಜನ ಸಮಾಧಾನವನ್ನೂ ಹೇಳುತ್ತಾರೆ, ಬುದ್ಧಿಯನ್ನೂ ಹೇಳುತ್ತಾರೆ.

ಓಲ್ಡ್ ಟ್ರಾಫರ್ಡ್ ರಾಯಚೂರು

ಗ್ಲೇಜರ್ ಹೆಸರು ಎತ್ತಿ ನನ್ನ ಶನಿವಾರ ಹಾಳು ಮಾಡಿದಿರಿ. ಇರಲಿ. ಆಟದ ಮಟ್ಟದ ಬಗ್ಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ. ಟೀ ಚೆನ್ನಾಗಿದೆ, ನಾಯಿ ಚೆನ್ನಾಗಿದೆ. ಫುಟ್‌ಬಾಲ್?

ಮ್ಯಾಂಚೆಸ್ಟರ್ ಮಂಜ

ಒರಟು. ಚೆಂಡು ಗಾಳಿಯಲ್ಲೇ ಜಾಸ್ತಿ ಇರುತ್ತದೆ. ಮೊದಲ ಟಚ್ ಸರಿಯಾಗಿ ಕೂರುವುದಿಲ್ಲ. ಆದರೆ ನಡುವೆ ಒಬ್ಬ ಇರುತ್ತಾನೆ, ಇವನು ಇಲ್ಲಿ ಯಾಕಿದ್ದಾನೆ ಅನ್ನಿಸುವಂಥವನು. ಜೇಮಿ ವಾರ್ಡಿ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಅನ್ನುವ ನಾನ್-ಲೀಗ್ ಕ್ಲಬ್ಬಿನಲ್ಲಿ ಹಾಗೇ ಇದ್ದ. 2012ರಲ್ಲಿ ಲೆಸ್ಟರ್ ಅವನನ್ನು ಫ್ಲೀಟ್‌ವುಡ್‌ನಿಂದ ಕೊಂಡಿತು, ನಾಲ್ಕು ವರ್ಷಕ್ಕೆ ಪ್ರೀಮಿಯರ್ ಲೀಗ್ ಕಪ್ ಎತ್ತಿದ. ಮುಂದೆ ಇಂಗ್ಲೆಂಡ್‌ಗೆ ಆಡಿದ ಪೀಟರ್ ಕ್ರೌಚ್ 2000ರಲ್ಲಿ ಪುಟ್ಟನ ಡಲಿಚ್‌ಗೇ ತನ್ನ ಕ್ಲಬ್ಬಿನಿಂದ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ, ಬಂದು ಆಡಿದ್ದ. ಹಿಂದಕ್ಕೆ ಹೋದರೆ ಎಡ್ಗರ್ ಕೇಲ್. ಡಲಿಚ್‌ಗೆ 400ಕ್ಕೂ ಹೆಚ್ಚು ಗೋಲ್ ಹೊಡೆದವನು. ದುಡ್ಡು ತೆಗೆದುಕೊಳ್ಳದ ಹವ್ಯಾಸಿಯಾಗಿಯೇ 1929ರಲ್ಲಿ ಇಂಗ್ಲೆಂಡ್‌ಗೆ ಮೂರು ಮ್ಯಾಚ್ ಆಡಿದ. ಮೈದಾನದ ದಾರಿಗೆ ಅವನ ಹೆಸರೇ ಇದೆ. ಅವನನ್ನು ಕಣ್ಣಾರೆ ಕಾಣದ ಹುಡುಗರು ಇವತ್ತಿಗೂ ಅವನ ಹೆಸರು ಹಾಡುತ್ತಾರೆ.

ಸಂಪಂಗಿ ಕೆರೆ

ಪುಟ್ಟ, ನಿಮ್ಮ ತಂದೆಗೆ ಇದನ್ನು ಹೇಳಿ, ಖುಷಿಪಡುತ್ತಾರೆ. ಅದೇ ಚಾಂಪಿಯನ್ ಹಿಲ್‌ನಲ್ಲಿ 1948ರ ಲಂಡನ್ ಒಲಿಂಪಿಕ್ಸ್‌ನ ಒಂದು ಫುಟ್‌ಬಾಲ್ ಮ್ಯಾಚ್ ನಡೆಯಿತು. ದಕ್ಷಿಣ ಕೊರಿಯಾ ಮೆಕ್ಸಿಕೋವನ್ನು 5-3ರಿಂದ ಸೋಲಿಸಿತು. ಆಗ ಅದು ದೊಡ್ಡ ಮೈದಾನ. 1933ರಲ್ಲಿ ಹವ್ಯಾಸಿ ಕ್ಲಬ್‌ಗಳ ಅಮೆಚೂರ್ ಕಪ್ ಫೈನಲ್‌ಗೆ 20 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು. ಈಗಿನ ಸ್ಟೇಡಿಯಂ 1992ರದ್ದು.

ನಮ್ಮ ಭಾರತದ ಮ್ಯಾಚೂ ಲಂಡನ್‌ನಲ್ಲೇ ನಡೆಯಿತು. ಆ ಒಲಿಂಪಿಕ್ಸ್‌ನ ಮೊದಲ ಸುತ್ತಿನ ಆಟಗಳನ್ನು ದೊಡ್ಡ ಕ್ಲಬ್‌ಗಳಿಗೂ ಸಣ್ಣ ಹವ್ಯಾಸಿ ಕ್ಲಬ್‌ಗಳಿಗೂ ಹಂಚಿದ್ದರು. ಭಾರತಕ್ಕೆ ಸಿಕ್ಕಿದ್ದು ಪೂರ್ವ ಲಂಡನ್‌ನ ಇಲ್ಫರ್ಡ್ ಕ್ಲಬ್ಬಿನ ಲಿನ್ ರೋಡ್ ಮೈದಾನ. 1948 ಜುಲೈ 31, ಎದುರಾಳಿ ಫ್ರಾನ್ಸ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾಯಕ ತಾಲಿಮೆರೆನ್ ಆವ್, ವೈದ್ಯಕೀಯ ಓದಿದ ನಾಗಾ ಹುಡುಗ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ಹೋಯಿತು. ಕೊನೆ ಗಳಿಗೆಯಲ್ಲಿ ಗೋಲ್ ಬಿಟ್ಟುಕೊಟ್ಟು 1-2ರಿಂದ ಸೋತೆವು.

ಆ ಒಂದು ಗೋಲ್ ಯಾರದ್ದು ಗೊತ್ತೇ? ಸಾರಂಗಪಾಣಿ ರಾಮನ್. ನಮ್ಮ ಮೈಸೂರು ರಾಜ್ಯದ ಆಟಗಾರ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲ್ ಹೊಡೆದದ್ದು ರಾಜ್ಯ ತಂಡಗಳ ಸಂತೋಷ್ ಟ್ರೋಫಿಯಲ್ಲಿ ಮೈಸೂರು ಜೆರ್ಸಿ ತೊಟ್ಟವರು, ಅದೂ ಒಂದು ನಾನ್-ಲೀಗ್ ಮೈದಾನದಲ್ಲಿ. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ಮುಂದೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಪಂಚ ಪಾಂಡವರು ಅಂತ ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಒಬ್ಬರಾದವರು. 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ನಮ್ಮ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು?

ಗ್ಯಾಂಟ್ಸ್ ಹಿಲ್ ಗೌಡ

ನಾನು ಇಲ್ಫರ್ಡ್ ಪಕ್ಕದಲ್ಲೇ ಇರುವುದು. ಲಿನ್ ರೋಡ್ ಮೈದಾನ ಈಗ ಇಲ್ಲ. ಕ್ಲಬ್ 1977ರಲ್ಲಿ ಅಲ್ಲಿಂದ ಹೊರಟಿತು, ಜಾಗ ಮಾರಾಟವಾಗಿ ಮನೆಗಳು ಎದ್ದವು. ಜಾಗ ಹೋದ ಮೇಲೆ ಕ್ಲಬ್ ಕಥೆಯೂ ಅಷ್ಟೇ. 1979ರಲ್ಲಿ ಲೇಟನ್‌ಸ್ಟೋನ್ ಜೊತೆ ಸೇರಿತು. ಆಮೇಲೆ ವಾಲ್ಥಮ್‌ಸ್ಟೋ ಅವೆನ್ಯೂ ಬಂದು ಸೇರಿ ರೆಡ್‌ಬ್ರಿಜ್ ಫಾರೆಸ್ಟ್ ಆಯಿತು. 1992ರಲ್ಲಿ ಡ್ಯಾಗೆನಮ್ ಜೊತೆ ಸೇರಿ ಡ್ಯಾಗೆನಮ್ ಅಂಡ್ ರೆಡ್‌ಬ್ರಿಜ್. ನಾಲ್ಕು ಹಳೇ ಕ್ಲಬ್ ಸೇರಿ ಒಂದು! 1905ರಲ್ಲಿ ಇಸ್ತ್ಮಿಯನ್ ಲೀಗ್ ಶುರು ಮಾಡಿದವರಲ್ಲಿ ಇಲ್ಫರ್ಡ್ ಕೂಡ ಒಂದು ಅನ್ನುವುದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

1987ರಲ್ಲಿ ಊರಿನವರು ಅದೇ ಹೆಸರಲ್ಲಿ ಹೊಸ ಕ್ಲಬ್ ಕಟ್ಟಿದರು. ಕ್ರಿಕಲ್‌ಫೀಲ್ಡ್ ಸ್ಟೇಡಿಯಂನಲ್ಲಿ ಆಡುತ್ತಾರೆ. ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಆಟ ಸ್ವಲ್ಪ ದೂರ. ಆದರೂ ಹೋಗಿ. ಮೈಲ್ ಎಂಡ್ ಕಡೆ ಸ್ಪೋರ್ಟಿಂಗ್ ಬೆಂಗಾಲ್ ಯುನೈಟೆಡ್ ಅಂತ ಬಂಗಾಳಿಗಳ ಕ್ಲಬ್ ಇದೆ, 1996ರದ್ದು. ಬಂಗಾಳಿಗಳು ಹೋದಲ್ಲೆಲ್ಲ ಒಂದು ಫುಟ್‌ಬಾಲ್ ಕ್ಲಬ್ ಕಟ್ಟುತ್ತಾರೆ. ನಾವು ಯುಗಾದಿ ಕಾರ್ಯಕ್ರಮ ಮಾಡಿ ಒಬ್ಬಟ್ಟು ತಿಂದು ಬರುತ್ತೇವೆ.

ಪೆಕಮ್ ಪುಟ್ಟ

ಸಂಪಂಗಿ ಕೆರೆಯವರೇ, ಅಪ್ಪನಿಗೆ ಓದಿ ಹೇಳಿದೆ. ಅಹ್ಮದ್ ಖಾನ್ ಹೆಸರು ಬಂದ ಕೂಡಲೇ ಎದ್ದು ಕೂತರು. ಇನ್ನು ಒಂದು ಗಂಟೆ ನನಗೆ ಬಿಡುವಿಲ್ಲ.

ಜಾಗದ ವಿಷಯ ಗೌಡರು ಸರಿಯಾಗಿ ಹೇಳಿದರು. ಡಲಿಚ್‌ಗೂ ಅದೇ ಗತಿ ಬರುತ್ತಿತ್ತು. 2018ರಲ್ಲಿ ಜಮೀನಿನ ಒಡೆತನ ಇದ್ದ ರಿಯಲ್ ಎಸ್ಟೇಟ್ ಕಂಪನಿ ಜೊತೆ ಜಗಳವಾಗಿ ಕ್ಲಬ್ಬನ್ನು ಅದು ಆಡುತ್ತಿದ್ದ ಮೈದಾನದಿಂದಲೇ ಹೊರಗೆ ಹಾಕಿದರು. 1893ರಲ್ಲಿ ಹುಟ್ಟಿದ ಕ್ಲಬ್ಬು! ಟೂಟಿಂಗ್ ಅಂಡ್ ಮಿಚಮ್‌ನವರ ಮೈದಾನದಲ್ಲಿ ಆಶ್ರಯ ಪಡೆದು ಆಡಿದರು. ತಮಾಷೆ ಅಂದರೆ ಹಾಗೆ ಬೀದಿಗೆ ಬಿದ್ದ ಆ ಮೇ ತಿಂಗಳಲ್ಲೇ ಪ್ಲೇಆಫ್ ಗೆದ್ದು ಮೇಲಿನ ಡಿವಿಷನ್‌ಗೂ ಹೋದರು. ಡಿಸೆಂಬರ್‌ಗೆ ಮನೆಗೆ ವಾಪಸು. ಅಷ್ಟೂ ದಿನ ಜನ ಮೆರವಣಿಗೆ ಮಾಡಿದರು, ಕೌನ್ಸಿಲ್‌ಗೆ ಪತ್ರ ಬರೆದರು, ಬೇರೆ ಊರಿಗೆ ರೈಲು ಹತ್ತಿ ಹೋಗಿ ಟಿಕೆಟ್ ಕೊಂಡರು. ಜನ ಬರದ ಕ್ಲಬ್ ಆಗಿದ್ದರೆ ಅದೂ ಇವತ್ತು ಫ್ಲಾಟ್ ಆಗಿರುತ್ತಿತ್ತು, ಅಲ್ವಾ.

ಆಸ್ಟಿನ್ ಟೌನ್ ಲೆಫ್ಟ್ ವಿಂಗ್

ಓದಿ ಖುಷಿಯಾಯಿತು, ಸಿಟ್ಟೂ ಬಂತು. ಡಲಿಚ್‌ಗೆ 15 ಪೌಂಡ್ ಕೊಟ್ಟು ಹೋಗುವ ನಮ್ಮವರಲ್ಲಿ ಎಷ್ಟು ಜನ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಒಳಗೆ ಕಾಲಿಟ್ಟಿದ್ದೀರಿ? ಗರುಡಾ ಮಾಲ್‌ಗೆ ಸಿನಿಮಾಗೆ ಹೋಗುತ್ತೀರಿ, ಅಲ್ಲೇ ಹತ್ತಿರ ನಮ್ಮ ಊರಿನ ಲೀಗ್‌ನ ಮೇಲಿನ ದರ್ಜೆ, ಸೂಪರ್ ಡಿವಿಷನ್ ಮ್ಯಾಚ್ ನಡೆಯುತ್ತಿರುತ್ತದೆ. ಎಂಇಜಿ, ಎಎಸ್‌ಸಿ, ಕಿಕ್‌ಸ್ಟಾರ್ಟ್, ರೆಬೆಲ್ಸ್, ಎಜಿಒಆರ್‌ಸಿ ಅಂತ ಕ್ಲಬ್‌ಗಳು. ಗೋಲಿ ಮಾತು ಅಲ್ಲೂ ಕೇಳಿಸುತ್ತದೆ. ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ಎಲ್ಲ ಒಂದೇ ವಾಕ್ಯದಲ್ಲಿ.

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದಿತು. ಎಲ್ಲರೂ ಸ್ಟೇಟಸ್ ಹಾಕಿದಿರಿ. ಆ ಹುಡುಗರಲ್ಲಿ ಹೆಚ್ಚಿನವರು ಬಂದಿದ್ದು ಇದೇ ಲೀಗ್‌ಗಳಿಂದ. ಅವರು ಇಲ್ಲಿ ಆಡುವಾಗ ನೋಡಲು ಯಾರಿದ್ದರು?

ಓಲ್ಡ್ ಟ್ರಾಫರ್ಡ್ ರಾಯಚೂರು

ಮ್ಯಾಚ್ ಇಡುವುದು ವಾರದ ದಿನ ಮಧ್ಯಾಹ್ನ. ಕೆಲಸ ಬಿಟ್ಟು ಬರಬೇಕಾ? ಯಾವ ದಿನ ಯಾರ ಮ್ಯಾಚ್ ಅಂತ ತಿಳಿಯುವುದೇ ಸಾಹಸ. ಜನರನ್ನು ಬೈಯುವುದು ಸುಲಭ.

ಆಸ್ಟಿನ್ ಟೌನ್ ಲೆಫ್ಟ್ ವಿಂಗ್

ಅದು ಒಪ್ಪಿದೆ. ಒಂದೇ ಮೈದಾನದಲ್ಲಿ ಎಷ್ಟೋ ಡಿವಿಷನ್ ಮುಗಿಸಬೇಕು, ಎಲ್ಲರಿಗೂ ಶನಿವಾರ ಸಿಗುವುದಿಲ್ಲ. ಡಲಿಚ್‌ನವರಿಗೆ, ಜಮೀನು ಯಾರದ್ದೇ ಇರಲಿ, ತಮ್ಮ ಮನೆ ಅನ್ನುವ ಒಂದು ಮೈದಾನ ಇದೆ. ನಮ್ಮ ಕ್ಲಬ್‌ಗಳಿಗೆ ಮನೆ ಅಂತಲೇ ಇಲ್ಲ. ಹಾಗಾಗಿ "ನಮ್ಮ ಏರಿಯಾ ಕ್ಲಬ್" ಅಂತ ಜನ ಸೇರುವುದು ಕಷ್ಟ. ಹಿಂದೆ ಎಚ್‌ಎಎಲ್, ಐಟಿಐ, ಬಿಇಎಂಎಲ್ ಆಡಿದರೆ ಕಾರ್ಮಿಕರು ಶಿಫ್ಟ್ ಮುಗಿಸಿ ನೇರ ಬರುತ್ತಿದ್ದರು. ಫ್ಯಾಕ್ಟರಿ ಟೀಮ್‌ಗಳು ಸೊರಗಿದ ಮೇಲೆ ಆ ಜನ ಎಲ್ಲಿ ಹೋದರು? ಬೆಂಗಳೂರು ಎಫ್‌ಸಿ 2013ರಲ್ಲಿ ಶುರುವಾದಾಗ ಮೊದಲ ಸೀಸನ್ ಆಡಿದ್ದು ಇದೇ ಅಶೋಕನಗರದಲ್ಲಿ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿದ್ದೂ ಆ ಸೀಸನ್‌ನಲ್ಲೇ. ಆಗ ಸ್ಟೇಡಿಯಂ ತುಂಬಿತ್ತು. ಅವರು ಕಂಠೀರವಕ್ಕೆ ಹೋದರು, ಜನವೂ ಅವರ ಹಿಂದೆ ಹೋದರು.

ಆದರೆ ಗೌತಮಪುರಕ್ಕೆ ಬನ್ನಿ. ಹಲಸೂರು ಪಕ್ಕ. ಬೀದಿಯಲ್ಲಿ ಪೆಲೆ ಪ್ರತಿಮೆ ಇಟ್ಟ ಏರಿಯಾ ಅದು. ಅಲ್ಲಿ ಟೂರ್ನಮೆಂಟ್ ನಡೆದರೆ ಜನ ಯಾರ ಆಮಂತ್ರಣಕ್ಕೂ ಕಾಯುವುದಿಲ್ಲ. ಮನೆ ಬಾಗಿಲಲ್ಲೇ ಆಟ ಇದೆಯಲ್ಲ.

ಕುಡ್ಲದ ಕಾರ್ನರ್ ಕಿಕ್

ಮಂಗಳೂರಿಗೂ ಬನ್ನಿ ಮಾರಾಯ್ರೆ. ನೆಹರೂ ಮೈದಾನದಲ್ಲಿ ಶಾಲಾ ಮಕ್ಕಳ ಇಂಡಿಪೆಂಡೆನ್ಸ್ ಕಪ್ ನಡೆಯುವಾಗ ನೋಡಬೇಕು. ಮಳೆಗಾಲ. ಮೈದಾನ ಗದ್ದೆ. ಚೆಂಡು ಒದ್ದರೆ ನೀರು ಮುಂದೆ ಹೋಗುತ್ತದೆ, ಚೆಂಡು ಅಲ್ಲೇ ಇರುತ್ತದೆ. ಆಫೀಸಿಗೆ ಹೋಗುವವರು ಕೊಡೆ ಹಿಡಿದು ಅರ್ಧ ಗಂಟೆ ನಿಂತು ಹೋಗುತ್ತಾರೆ. ಟಿಕೆಟ್ ಇಲ್ಲ, ಗುಲಾಬಿ ಸ್ಕಾರ್ಫೂ ಇಲ್ಲ.

ಮಗುವಿನ ಅಮ್ಮ, ಕ್ರಾಯ್ಡನ್

ಎಲ್ಲರ ಜಗಳ ಓದಿ ಮುಗಿಸಿದೆ. ಈ ಶನಿವಾರ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಗೋಲ್ ಹಿಂದೆ ನಿಲ್ಲಿಸಿದರೆ ಚೆಂಡು ತಲೆಗೆ ಬೀಳುತ್ತದಾ?

ಪೆಕಮ್ ಪುಟ್ಟ

ವಾರ್ಮ್-ಅಪ್ ಹೊತ್ತಿನಲ್ಲಿ ಹುಷಾರು, ಆಗಲೇ ಜಾಸ್ತಿ ಬರುವುದು. ಮ್ಯಾಚ್ ಶುರುವಾದ ಮೇಲೆ ಗೋಲಿನ ನೇರಕ್ಕೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಚೆಂಡು ಸಿಕ್ಕರೆ ಮಗನ ಕೈಯಲ್ಲೇ ವಾಪಸು ಎಸೆಸಿ, ಅದೇ ಅವನಿಗೆ ದೊಡ್ಡ ಸುದ್ದಿ.

ಲೆಫ್ಟ್ ವಿಂಗ್, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅಪ್ಪ ಮುಂದಿನ ತಿಂಗಳು ಬೆಂಗಳೂರಿಗೆ ವಾಪಸು ಬರುತ್ತಿದ್ದಾರೆ. ನಿವೃತ್ತರು, ಅವರಿಗೆ ವಾರದ ದಿನ ಮಧ್ಯಾಹ್ನ ಏನೂ ತೊಂದರೆ ಇಲ್ಲ. ಸೂಪರ್ ಡಿವಿಷನ್ ವೇಳಾಪಟ್ಟಿ ಸಿಕ್ಕರೆ ಇಲ್ಲಿ ಹಾಕಿ. ಒಂದು ಎಚ್ಚರಿಕೆ, ಆಫ್‌ಸೈಡ್ ಬಗ್ಗೆ ರೆಫ್ರಿ ಜೊತೆ ಜಗಳ ಆಡುತ್ತಾರೆ.

ಆಸ್ಟಿನ್ ಟೌನ್ ಲೆಫ್ಟ್ ವಿಂಗ್

ಅಲ್ಲಿ ಎಲ್ಲರೂ ಆಡುವವರೇ. ಪಟ್ಟಿ ಬಂದ ಕೂಡಲೇ ಹಾಕುತ್ತೇನೆ. ಬಿಸಿಲು ಹೊಡೆಯುತ್ತದೆ, ಟೋಪಿ ತರಲು ಹೇಳಿ. ಗುಲಾಬಿ ಸ್ಕಾರ್ಫ್ ಮಾತ್ರ ಮನೆಯಲ್ಲಿಟ್ಟು ಬರಲಿ, ನಮ್ಮ ಹುಡುಗರು ಬಿಡುವುದಿಲ್ಲ.